ಮೇಷ್ಟ್ರು ಇದ್ದ ಮನೆ

ಜನವರಿ ೧೨

ಪುಟ್ಟೀ,

ಅಂತೂ ನಿನ್ನ ಫಲಕ ಗೋಡೆ ಹತ್ತಿತು. ನೋಡಲು ನೀನಿರಬೇಕಿತ್ತು ಕಣೇ. ನಗರಸಭೆಯ ಅಧ್ಯಕ್ಷರು ಉಸಿರಾಡಲೂ ಕಷ್ಟವಾಗುವಷ್ಟು ಬಿಗಿಯಾಗಿ ಟೈ ಕಟ್ಟಿಕೊಂಡು ಬಂದಿದ್ದರು. ಭಾಷಣ ಮುಗಿಸಿ ದಾರ ಎಳೆದರೆ ಪರದೆ ಜಪ್ಪಯ್ಯ ಅಂದರೂ ಸರಿಯಲಿಲ್ಲ. ಅವರು ಎಳೆಯುತ್ತಾರೆ, ಅದು ಜಗ್ಗುವುದಿಲ್ಲ. ಕೊನೆಗೆ ನಾನೇ ಸ್ಟೂಲು ತಂದು ಹತ್ತಿ, ಹೊಲಿಗೆ ಕತ್ತರಿಯಿಂದ ದಾರ ಕಚಕ್ಕೆಂದು ಕತ್ತರಿಸಿದೆ. ಪರದೆ ಸೀದಾ ಅಧ್ಯಕ್ಷರ ತಲೆಯ ಮೇಲೆ ಬಿತ್ತು. ಬೀದಿಗೆ ಬೀದಿಯೇ ಬಿದ್ದು ಬಿದ್ದು ನಕ್ಕಿತು. ಅವರೂ ನಕ್ಕರು, ಪಾಪ, ಬೇರೆ ದಾರಿಯೇನಿತ್ತು?

ಫಲಕ ಚೆನ್ನಾಗಿದೆ. ದುಂಡಗೆ, ನೀಲಿ ಬಣ್ಣ, ಬಿಳಿ ಅಕ್ಷರ. ಮೇಲೆ ನಿಘಂಟಿನ ಮೇಷ್ಟ್ರ ಹೆಸರು, ಕೆಳಗೆ ‘ಈ ಮನೆಯಲ್ಲಿ ವಾಸವಾಗಿದ್ದರು’. ನನ್ನ ‘ಇಲ್ಲಿ ಬಟ್ಟೆ ಹೊಲಿದುಕೊಡಲಾಗುವುದು’ ಅನ್ನುವ ಬೋರ್ಡು ಅದರ ಪಕ್ಕದಲ್ಲಿ ಮುಖ ಸಪ್ಪೆ ಮಾಡಿಕೊಂಡು ನಿಂತಿದೆ. ಅಜ್ಜ ಎಷ್ಟು ಸಲ ಹೇಳುತ್ತಿದ್ದ, ‘ಇದು ಮೇಷ್ಟ್ರು ಓಡಾಡಿದ ಮನೆ’ ಅಂತ! ನಾವು ಬಾಯಿ ಮುಚ್ಚಿಕೊಂಡು ನಗುತ್ತಿದ್ದೆವು. ಮನೆಮನೆಯಲ್ಲೂ ಇರುವ ಆ ದಪ್ಪ ನಿಘಂಟು ನಮ್ಮ ಮನೆಯಲ್ಲಿ ಹುಟ್ಟಿತು ಅಂದರೆ ನಂಬುವುದು ಹೇಗೆ? ಈಗ ಸರ್ಕಾರವೇ ಗೋಡೆಯ ಮೇಲೆ ಬರೆದುಕೊಟ್ಟಿದೆ. ಸರ್ಕಾರ ಅಂದರೆ ನೀನೇ ಅಲ್ಲವೇ!

ಬೀದಿಯವರೆಲ್ಲ ಬಂದಿದ್ದರು. ಎದುರುಮನೆಯ ಗಾರ್ಡ್ ದೊಡ್ಡಪ್ಪ ಮಾತ್ರ ತಮ್ಮ ಗೇಟಿನ ಹತ್ತಿರವೇ ನಿಂತು ನೋಡಿದರು, ರಸ್ತೆ ದಾಟಲಿಲ್ಲ. ಕೈಬೀಸಿ ಕರೆದೆ. ತಲೆ ಅಲ್ಲಾಡಿಸಿ ಒಳಗೆ ಹೋದರು. ರೈಲಿನಲ್ಲಿ ಅಷ್ಟು ವರ್ಷ ನಿಂತು ನಿಂತು ಕಾಲು ಹೋಗಿದೆಯಲ್ಲ, ನೋವಿರಬೇಕು.

ಅಮ್ಮ ಹೋದ ಮೇಲೆ ನೀನು ಈ ಮನೆಗಾಗಿ ಮಾಡಿದ ಮೊದಲ ಕೆಲಸ ಇದು. ಚುಚ್ಚಲು ಹೇಳುತ್ತಿಲ್ಲ. ಸಂತೋಷದಿಂದಲೇ ಹೇಳುತ್ತಿದ್ದೇನೆ.

ಎದೆಯುಬ್ಬಿಸಿಕೊಂಡು ಓಡಾಡುತ್ತಿರುವ,
ನಿನ್ನ ಅಕ್ಕ


ಜನವರಿ ೨೫

ಅಕ್ಕಾ,

ಪತ್ರ ಓದಿ ಕಚೇರಿಯಲ್ಲಿ ಒಬ್ಬಳೇ ನಕ್ಕೆ. ಪಕ್ಕದ ಮೇಜಿನವರು ಏನಾಯಿತೆಂದು ಕೇಳಿದರು, ಹೇಳಲಿಲ್ಲ. ಅಧ್ಯಕ್ಷರ ವರದಿಯಲ್ಲಿ ‘ಕಾರ್ಯಕ್ರಮ ಸಾಂಗವಾಗಿ ನೆರವೇರಿತು’ ಎಂದಷ್ಟೇ ಇದೆ.

ಒಂದು ಮಾತು. ಇನ್ನು ಜನ ಬರುತ್ತಾರೆ. ಫಲಕ ನೋಡಿ ಬಾಗಿಲು ತಟ್ಟುತ್ತಾರೆ, ಒಳಗೆ ಬಿಡಿ ಎನ್ನುತ್ತಾರೆ. ಬಿಡುವುದೂ ಬಿಡದಿರುವುದೂ ನಿನಗೆ ಸೇರಿದ್ದು. ಆದರೆ ಗೊತ್ತಿಲ್ಲದ್ದನ್ನು ಹೇಳಬೇಡ. ನಿನ್ನ ಬಾಯಿ ನನಗೆ ಗೊತ್ತು. ನಮ್ಮಲ್ಲಿ ಎರಡು ಬೇರೆ ಬೇರೆ ಆಧಾರಗಳಿಲ್ಲದೆ ಯಾವ ಮನೆಗೂ ಫಲಕ ಕೊಡುವುದಿಲ್ಲ. ನಮ್ಮ ತಾತ ಹೇಳುತ್ತಿದ್ದರು ಎಂದು ಬಂದವರನ್ನು ದಿನವೂ ವಾಪಸು ಕಳಿಸುವವಳು ನಾನು. ಊರೆಲ್ಲ ನನಗೆ ಬೈಯುವುದು ಅದಕ್ಕೇ.

ಗಾರ್ಡ್ ದೊಡ್ಡಪ್ಪ ಏನಾದರೂ ಅಂದರೇ? ಸುಮ್ಮನೆ ಕೇಳಿದೆ. ದೊಡ್ಡಮ್ಮನ ಸೊಂಟ ಹೇಗಿದೆ?

ಪುಟ್ಟಿ


ಫೆಬ್ರವರಿ ೧೮

ಪುಟ್ಟೀ,

ನೀನು ಬೇಡ ಅಂದದ್ದನ್ನೇ ಮಾಡಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೈದುಕೋ.

ಮೊದಲು ಬಂದವರು ಗಂಡ ಹೆಂಡತಿ. ‘ಮೇಷ್ಟ್ರು ಯಾವ ಕೋಣೇಲಿ ಕೂತು ಬರೀತಿದ್ರು?’ ಅಂತ ಕೇಳಿದರು. ಮುಂದಿನ ಕೋಣೆಯ ತುಂಬ ಬಟ್ಟೆ ಚೂರು, ನೂಲು, ಅಳತೆ ಕೊಟ್ಟು ಮೂರು ತಿಂಗಳಾದರೂ ತೆಗೆದುಕೊಂಡು ಹೋಗದವರ ಗಂಟುಗಳು. ಅಲ್ಲಿ ಅಂತ ಹೇಳಲು ನಾಚಿಕೆಯಾಗಿ ‘ಮಹಡಿ ಮೇಲೆ’ ಅಂದುಬಿಟ್ಟೆ. ಹತ್ತಿ ಹೋದರು. ಅಲ್ಲಿ ಅಜ್ಜನ ಹಳೇ ಮೇಜು ಇದೆಯಲ್ಲ, ಹೆಂಗಸು ಅದನ್ನು ಸವರಿ ಕಣ್ಣೊರೆಸಿಕೊಂಡಳು. ಆ ಮೇಜಿನ ಮೇಲೆ ಅಜ್ಜ ಹರಿದ ಚಪ್ಪಲಿಗೆ ಅಂಟು ಹಾಕುತ್ತಿದ್ದ. ಅಳುತ್ತಿರುವವಳಿಗೆ ಅದನ್ನು ಹೇಗೆ ಹೇಳಲಿ?

ಒಂದು ಸಲ ಬಾಯಿಂದ ಬಂತು ನೋಡು, ಆಮೇಲೆ ಸಲೀಸಾಯಿತು. ಕಿಟಕಿ ಮೇಷ್ಟ್ರದ್ದಾಯಿತು, ಕುರ್ಚಿ ಮೇಷ್ಟ್ರದ್ದಾಯಿತು. ಮೇಷ್ಟ್ರಿಗೆ ಸಕ್ಕರೆ ಕಡಿಮೆ ಹಾಕಿದ ಟೀ ಇಷ್ಟ ಅಂತಲೂ ಹೇಳಿದೆ. ಅವರಿಗೆ ಟೀ ಇಷ್ಟವಿತ್ತೋ ಇಲ್ಲವೋ, ನನ್ನ ಡಬ್ಬಿಯಲ್ಲಿ ಸಕ್ಕರೆ ಕಡಿಮೆಯಿತ್ತು. ನಗಬೇಡ. ಮುಂದೆ ಕೇಳು.

ಮೊನ್ನೆ ಒಬ್ಬ ಹಿರಿಯರು ಬಂದರು. ಜೀವಮಾನವೆಲ್ಲ ಭಾಷೆ ಕಲಿಸಿದವರಂತೆ. ಕಂಕುಳಲ್ಲಿ ಮೇಷ್ಟ್ರ ನಿಘಂಟು. ಮೇಜು ಕಿಟಕಿ ಯಾವುದನ್ನೂ ಕಣ್ಣೆತ್ತಿ ನೋಡಲಿಲ್ಲ. ‘ಗೂಡಿನ ಗೋಡೆ ಎಲ್ಲಿದೆ ತಾಯಿ?’ ಅಂದರು. ನಾನು ಕಣ್ಣು ಕಣ್ಣು ಬಿಟ್ಟೆ. ಪುಸ್ತಕ ತೆರೆದು ಮುನ್ನುಡಿ ಓದಿ ತೋರಿಸಿದರು. ಪದಗಳನ್ನು ಚೀಟಿಗಳಲ್ಲಿ ಬರೆದು, ಅಕ್ಷರಕ್ಕೊಂದರಂತೆ ಮುಂದಿನ ಕೋಣೆಯ ಗೋಡೆಯಲ್ಲಿ ಮಾಡಿಸಿದ ಸಣ್ಣ ಸಣ್ಣ ಗೂಡುಗಳಲ್ಲಿ ಇಡುತ್ತಿದ್ದೆ ಅಂತ ಮೇಷ್ಟ್ರೇ ಬರೆದಿದ್ದಾರೆ.

ಪುಟ್ಟೀ, ಆ ಗೋಡೆ ನನಗೆ ಗೊತ್ತು. ನಿನಗೂ ಗೊತ್ತು. ಗಾರ್ಡ್ ದೊಡ್ಡಪ್ಪನ ಮುಂದಿನ ಕೋಣೆಯದು. ನಾವಿಬ್ಬರೂ ಗೋಲಿ, ಗುಂಡಿ, ಮುರಿದ ಬಳಪ ಬಚ್ಚಿಟ್ಟು ಆಡುತ್ತಿದ್ದದ್ದು ಅಲ್ಲೇ. ‘ಅ’ ಗೂಡು ನನ್ನದು, ‘ಕ’ ಗೂಡು ನಿನ್ನದು ಅಂತ ಜಗಳವಾಡುತ್ತಿದ್ದೆವು. ಈಗ ಅವುಗಳಲ್ಲಿ ದೊಡ್ಡಮ್ಮನ ಮಾತ್ರೆ ಡಬ್ಬಿಗಳಿವೆ.

ಆ ಹಿರಿಯರಿಗೆ ನಾನೇನು ಹೇಳಿದೆ ಗೊತ್ತೇ? ‘ಗೋಡೆ ಶಿಥಿಲವಾಗಿತ್ತು, ನಮ್ಮಪ್ಪ ಪ್ಲಾಸ್ಟರ್ ಮಾಡಿಸಿಬಿಟ್ಟರು’ ಅಂದೆ. ‘ಛೇ, ಎಂಥ ಕೆಲಸ ಮಾಡಿದ್ರು’ ಅಂತ ಅವರು ಸಂಕಟಪಟ್ಟರು. ಸತ್ತ ಅಪ್ಪನ ತಲೆಯ ಮೇಲೆ ಹಾಕಿ ನಾನು ಪಾರಾದೆ. ಅವರನ್ನು ಬಾಗಿಲ ತನಕ ಬೀಳ್ಕೊಟ್ಟೆ. ಎದುರಿಗೆ ದೊಡ್ಡಪ್ಪ ಗೇಟಿನ ಹತ್ತಿರ ನಿಂತಿದ್ದರು. ಮುಖ ತಿರುಗಿಸಿಕೊಂಡು ಒಳಗೆ ಬಂದೆ.

ನೀನು ಆ ಮುನ್ನುಡಿ ಓದಿಲ್ಲವೇ? ಓದುವುದೇ ನಿನ್ನ ಕೆಲಸವಲ್ಲವೇನೇ? ಏನು ಮಾಡಬೇಕು ಅಂತ ಬೇಗ ಬರೆ.

ಅಕ್ಕ


ಮಾರ್ಚ್ ೨

ಅಕ್ಕಾ,

ಗಾಬರಿಯಾಗುವಂಥದ್ದೇನೂ ಇಲ್ಲ. ಆ ಕಾಲದ ಮನೆಗಳಲ್ಲೆಲ್ಲ ಗೋಡೆಗೂಡುಗಳಿರುತ್ತಿದ್ದವು. ಅಷ್ಟರಿಂದಲೇ ಏನನ್ನೂ ತೀರ್ಮಾನಿಸಲಾಗುವುದಿಲ್ಲ.

ಮುಂದಿನ ತಿಂಗಳು ಮೇಲಿನವರು ನಮ್ಮ ವಿಭಾಗದ ಪರಿಶೀಲನೆಗೆ ಬರುವವರಿದ್ದಾರೆ. ಅಲ್ಲಿಯವರೆಗೆ ಈ ಮಾತು ನಮ್ಮಿಬ್ಬರಲ್ಲೇ ಇರಲಿ. ಬಂದವರಿಗೆ ಮನೆಗೆ ಸುಣ್ಣ ಹೊಡೆಸುತ್ತಿದ್ದೇವೆ, ಒಳಗೆ ಬಿಡಲಾಗುವುದಿಲ್ಲ ಎಂದು ಹೇಳು. ದೊಡ್ಡಪ್ಪನ ಮನೆಗೆ ಹೋಗಿ ಆ ಗೋಡೆಯ ಮುಂದೆ ನಿಂತುಕೊಳ್ಳಬೇಡ, ದಮ್ಮಯ್ಯ.

ಪುಟ್ಟಿ


ಮಾರ್ಚ್ ೨೦

ಪುಟ್ಟೀ,

ಅ, ಆ ಅಂತ ಮೇಲೆ ಕೆತ್ತಿದ ಗೂಡುಗಳು ಎಲ್ಲರ ಮನೆಯಲ್ಲೂ ಇರುತ್ತಿದ್ದವೇ? ನಾನು ಹೆಚ್ಚು ಓದಿದವಳಲ್ಲ. ಆದರೂ ಕಿವಿಗೆ ಹೂವಿಡಲು ಬರಬೇಡ.

ನಮ್ಮ ರಸ್ತೆ ಅಗಲ ಮಾಡುತ್ತಾರಂತೆ. ಸೋಮವಾರ ಅಳತೆಯವರು ಬಂದರು. ನಮ್ಮ ಸಾಲಿನ ಎಲ್ಲ ಮನೆಗಳ ಮುಂಭಾಗ ಹೋಗುತ್ತದೆ ಅಂತ ಒಂದು ವರ್ಷದಿಂದ ಗುಸುಗುಸು ಇತ್ತಂತೆ, ನನ್ನ ಕಿವಿಗೇ ಬಿದ್ದಿರಲಿಲ್ಲ. ಅವರಲ್ಲೊಬ್ಬ ನಮ್ಮ ಬಾಗಿಲಿಗೆ ಬಂದು ಫಲಕ ನೋಡಿದ. ‘ಸಾರ್, ಫಲಕದ ಮನೆ. ಇದಕ್ಕೆ ಕೈ ಹಚ್ಚೋ ಹಾಗಿಲ್ಲ’ ಅಂದ. ಟೇಪು ಸುತ್ತಿಕೊಂಡು ಎದುರು ಸಾಲಿಗೆ ಹೋದರು. ನಮ್ಮ ಸಾಲು ಉಳಿಯಿತು. ದೊಡ್ಡಪ್ಪನ ಮುಂದಿನ ಕೋಣೆಯ ನಡುಮಧ್ಯಕ್ಕೆ ಕೆಂಪು ಗೆರೆ ಬಿತ್ತು.

ನನಗೆ ಮೊದಲು ಏನನ್ನಿಸಿತು ಹೇಳಲೇ? ಬದುಕಿದೆಯಾ ಬಡಜೀವವೇ ಅನ್ನಿಸಿತು. ನನ್ನ ಮುಂದಿನ ಕೋಣೆ, ನನ್ನ ಹೊಲಿಗೆ ಯಂತ್ರ, ನನ್ನ ಅನ್ನ ಎಲ್ಲ ಉಳಿಯಿತು ಅಂತ ಕುರ್ಚಿಯ ಮೇಲೆ ಕುಸಿದು ಕೂತು ನಿಟ್ಟುಸಿರು ಬಿಟ್ಟೆ. ಆಮೇಲೆ ಕಿಟಕಿಯಿಂದ ನೋಡಿದರೆ ದೊಡ್ಡಪ್ಪ ಒದ್ದೆ ಬಟ್ಟೆ ತಂದು ಆ ಕೆಂಪು ಗೆರೆ ಉಜ್ಜುತ್ತಿದ್ದರು. ಅದು ಅಳಿಸುವ ಬಣ್ಣವಲ್ಲ.

ಸಂಜೆ ಹೋದೆ. ಹೋಗದೆ ಇರಲು ಆಗಲಿಲ್ಲ. ಸೊಂಟ ಮುರಿದಾಗಿನಿಂದ ದೊಡ್ಡಮ್ಮ ಆ ಕೋಣೆಯಲ್ಲೇ ಮಲಗಿರುವುದು. ಆ ಗೋಡೆಯ ಪಕ್ಕದಲ್ಲೇ. ‘ಬಾರೇ, ನಿಮ್ಮನೆ ಉಳೀತಲ್ಲ, ಒಳ್ಳೇದಾಯ್ತು ಬಿಡು’ ಅಂದರು. ಮನಸಾರೆ ಅಂದರು ಕಣೇ. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ದೊಡ್ಡಪ್ಪ ಟೀ ಮಾಡಿ ತಂದರು. ತಾವಾಗಿಯೇ ಮಾತು ತೆಗೆದರು. ‘ನಾನೂ ಒಂದು ಅರ್ಜಿ ಹಾಕಿದ್ದೆ ಕಣಮ್ಮ, ಹೋದ ವರ್ಷ. ಮೇಷ್ಟ್ರು ಈ ಮನೇಲಿದ್ರು, ಗೋಡೆ ಇದೆ ಬಂದು ನೋಡಿ ಅಂತ. ನಿನ್ನ ತಂಗಿ ಸಹಿ ಮಾಡಿದ ಉತ್ತರ ಬಂತು. ಗೋಡೆ ಒಂದು ಆಧಾರ ಆಯ್ತು, ಇನ್ನೊಂದು ಎಲ್ಲಿ ಅಂತ. ನನ್ನತ್ರ ಇನ್ನೊಂದು ಎಲ್ಲಿಂದ ಬರ್ಬೇಕು? ಕಾನೂನು ಅಂದ್ಮೇಲೆ ಕಾನೂನು. ಅವಳದೇನೂ ತಪ್ಪಿಲ್ಲ.’ ದೊಡ್ಡಮ್ಮನ ಹೊದಿಕೆ ಸರಿಮಾಡಿ, ‘ನಮ್ಮ ಕಣ್ಣ ಮುಂದೆ ಬೆಳೆದ ಹುಡುಗಿ, ಬೇಕಂತ ಮಾಡ್ತಾಳಾ?’ ಅಂದರು.

ಅದು ನನ್ನನ್ನು ಕೇಳಿದ ಪ್ರಶ್ನೆ ಪುಟ್ಟೀ. ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಟೀ ಕುಡಿದೆ. ‘ಚೆನ್ನಾಗಿದೆ ದೊಡ್ಡಪ್ಪ’ ಅಂದೆ. ಲೋಟ ತೊಳೆದಿಟ್ಟು ಬಂದೆ.

ಈಗ ನಾನು ನಿನ್ನನ್ನು ಕೇಳುತ್ತೇನೆ. ಬೇಕಂತ ಮಾಡಿದೆಯಾ?

ಅಕ್ಕ


ಏಪ್ರಿಲ್ ೪

ಅಕ್ಕಾ,

ಹೌದು.

ರಸ್ತೆಯ ನಕ್ಷೆ ಹೋದ ವರ್ಷವೇ ನಮ್ಮ ಕಚೇರಿಗೆ ಬಂದಿತ್ತು. ಗೆರೆ ನಿನ್ನ ಹೊಲಿಗೆ ಯಂತ್ರದ ಮೇಲೆಯೇ ಹಾದುಹೋಗಿತ್ತು. ದೊಡ್ಡಪ್ಪನ ಅರ್ಜಿ ಬಂದದ್ದೂ ಅದೇ ವಾರ. ಅದನ್ನು ಓದಿದ ಮೇಲೆಯೇ ಅಜ್ಜನ ಮಾತು ನೆನಪಾಗಿದ್ದು. ‘ಓಡಾಡಿದ ಮನೆ’ ಎನ್ನುತ್ತಿದ್ದ ಅಜ್ಜ. ಇದ್ದ ಮನೆ ಎಂದು ಅವನು ಯಾವತ್ತೂ ಹೇಳಲಿಲ್ಲ. ಅದು ಗೊತ್ತಿದ್ದೂ ನಾನು ವಾಸವಾಗಿದ್ದರು ಎಂದು ಬರೆದೆ. ನಿಯಮ ನಿಯಮ ಎಂದು ಊರಿಗೆಲ್ಲ ಹೇಳುವವಳಲ್ಲವೇ, ನಾನು ತಂದ ಕಡತವನ್ನು ಯಾರೂ ಬಿಚ್ಚಿ ನೋಡಲಿಲ್ಲ. ಒಂದೇ ಬೀದಿಯಲ್ಲಿ ಒಬ್ಬರಿಗೆ ಎರಡು ಮನೆ ಇರಲಾರದು, ಅದಕ್ಕೆ ದೊಡ್ಡಪ್ಪನಿಗೆ ಇಲ್ಲ ಎಂದೆ. ಅವರಿಗೆ ಬೇಕಿದ್ದ ಇನ್ನೊಂದು ಆಧಾರ ಆ ಮುನ್ನುಡಿಯೇ ಎಂದು ಗೊತ್ತಿದ್ದೂ. ನಮ್ಮ ಸಾಲು ಬಿಟ್ಟರೆ ಗೆರೆ ಎದುರಿಗೆ ಹೋಗುತ್ತದೆ ಎಂದು ಆಗ ಯೋಚಿಸಲಿಲ್ಲ ಎಂದು ಬರೆಯಬಹುದಿತ್ತು. ನೀನು ನಂಬುವುದಿಲ್ಲ.

ಅಮ್ಮ ಹಾಸಿಗೆ ಹಿಡಿದಾಗ ನಾನು ಬರಲಿಲ್ಲ. ಎಲ್ಲ ನೀನೇ ಮಾಡಿದೆ. ನಿನಗೆ ಆ ಒಂದು ಕೋಣೆಯನ್ನಾದರೂ ಉಳಿಸಿಕೊಡೋಣ ಎಂದುಕೊಂಡೆ. ಇದು ನೆಪವಲ್ಲ. ನೆಪವೇ ಇರಬಹುದು, ನನಗೇ ಗೊತ್ತಾಗುತ್ತಿಲ್ಲ. ದೊಡ್ಡಮ್ಮ ನನಗೆ ಜಡೆ ಹಾಕುತ್ತಿದ್ದವರು. ನೆನೆದರೆ ನನ್ನ ಮುಖ ನಾನೇ ನೋಡಿಕೊಳ್ಳಲಾಗುತ್ತಿಲ್ಲ.

ಪರಿಶೀಲನೆ ಈ ತಿಂಗಳೇ ಮುಗಿಯುತ್ತದೆ. ಮುಗಿದ ಕೂಡಲೇ ಫಲಕ ಬದಲಿಸುವ ಆದೇಶ ನಾನೇ ಬರೆಯುತ್ತೇನೆ. ಆಗ ಗೆರೆ ನಿನ್ನ ಕಡೆಗೆ ಬರುತ್ತದೆ. ಬೇಡ ಎಂದು ನೀನು ಹೇಳಿದರೆ

(ಈ ವಾಕ್ಯ ಮುಗಿಸಲು ಆಗುತ್ತಿಲ್ಲ.)

ಪುಟ್ಟಿ


ಏಪ್ರಿಲ್ ೧೨

ಪುಟ್ಟೀ,

ನಿನ್ನ ಮೇಲೆ ಕೂಗಾಡಬೇಕು ಅಂತ ಕೂತೆ. ಆಗಲಿಲ್ಲ. ಆ ವಾಕ್ಯ ಯಾಕೆ ಮುಗಿಸಲಿಲ್ಲ ಅಂತ ನನಗೆ ಗೊತ್ತು. ಬೇಡ ಅಂತ ನಾನು ಹೇಳಲಿ ಅಂತ.

ನಗರಸಭೆ ಇಲ್ಲಿಂದ ಕೂಗಳತೆ ದೂರ. ನಾನೇ ಹೋಗಿ ಫಲಕದ ಮನೆ ನಮ್ಮದಲ್ಲ ಎದುರಿನದು ಅಂದರೆ ಕೆಲಸ ನಿಲ್ಲಿಸುತ್ತಾರೇನೋ. ನಿನ್ನೆ ಚಪ್ಪಲಿ ಮೆಟ್ಟಿ ಹೊರಟೆ. ನಗರಸಭೆಯ ಮೆಟ್ಟಿಲು ಹತ್ತಿದೆ. ಒಳಗೆ ಒಬ್ಬ ಗುಮಾಸ್ತ ತಲೆ ಎತ್ತಿ ‘ಏನಮ್ಮಾ?’ ಅಂದ. ‘ನೀರಿನ ಬಿಲ್ಲು ಕಟ್ಟೋದು ಎಲ್ಲಿ?’ ಅಂದೆ. ಬಿಲ್ಲು ಹೋದ ವಾರವೇ ಕಟ್ಟಿದ್ದೆ. ಅವನು ತೋರಿಸಿದ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತು, ನನ್ನ ಸರದಿ ಬರುವ ಮೊದಲೇ ಹಿಂದಕ್ಕೆ ಬಂದುಬಿಟ್ಟೆ.

ಕೋಣೆ ಹೋದರೆ ಈ ವಯಸ್ಸಿನಲ್ಲಿ ಎಲ್ಲಿ ಕೂತು ಹೊಲಿಯಲಿ? ಅದೊಂದೇ ತಲೆಯಲ್ಲಿ ಗಿರ್ ಅನ್ನುತ್ತಿದೆ. ಥೂ ನನ್ನ ಜನ್ಮಕ್ಕೆ.

ನಾನು ಬೇಡ ಅನ್ನುವುದಿಲ್ಲ. ಬೇಗ ಮಾಡು. ನೀನೇ ಮಾಡು, ನನ್ನ ಕೈಯಲ್ಲಿ ಆಗುತ್ತಿಲ್ಲ.

ಅಕ್ಕ


ಏಪ್ರಿಲ್ ೨೯

ಅಕ್ಕಾ,

ಆದೇಶ ಇಂದು ಹೋಯಿತು. ತಪ್ಪು ನನ್ನದೇ ಎಂದು ಸ್ಪಷ್ಟವಾಗಿ ಬರೆದಿದ್ದೇನೆ. ಪರಿಶೀಲನೆಯವರು ಒಂದು ವಾರ ತಡವಾಗಿ ಬಂದರು, ಅದಕ್ಕೇ ಇಷ್ಟು ದಿನವಾಯಿತು. ಅವರು ಹೊರಟ ದಿನವೇ ಕಳಿಸಿದ್ದೇನೆ. ದೊಡ್ಡಪ್ಪನಿಗೆ ಹೇಳು. ಬೇಡ, ನಾನೇ ಅವರಿಗೆ ಬರೆಯುತ್ತೇನೆ.

ಪುಟ್ಟಿ


ಮೇ ೧೪

ಪುಟ್ಟೀ,

ನಿನ್ನ ಆದೇಶ ನಗರಸಭೆಗೆ ಬಂದು ತಲುಪುವ ಎರಡು ದಿನ ಮೊದಲೇ ಗೋಡೆ ಬಿತ್ತು. ಇಷ್ಟು ದಿನ ನಿನಗೆ ಬರೆಯಲಿಲ್ಲ. ನಾವಿಬ್ಬರೂ ಕೂತು ಒಬ್ಬರಿಗೊಬ್ಬರು ಬರೆಯುತ್ತಿದ್ದದ್ದೇ ಸಾಕಾಗಿತ್ತು. ನೀನು ಮಾಡುತ್ತೀಯ ಅಂತ ನಾನು, ನಾನು ಬೇಡ ಅನ್ನುತ್ತೇನೆ ಅಂತ ನೀನು. ಅಷ್ಟರಲ್ಲಿ ಗೋಡೆ ಕೆಡವುವ ಯಂತ್ರ ಬಂತು.

ಆ ದಿನ ದೊಡ್ಡಮ್ಮನನ್ನು ಕುರ್ಚಿಯ ಸಮೇತ ಎತ್ತಿಕೊಂಡು ನಮ್ಮ ಮನೆಗೆ ತಂದೆವು. ಮೆಟ್ಟಿಲು ಹತ್ತಲಾರರು, ಅದಕ್ಕೆ ನನ್ನ ಮುಂದಿನ ಕೋಣೆಯನ್ನೇ ಬಿಟ್ಟುಕೊಟ್ಟು ಹೊಲಿಗೆ ಯಂತ್ರ ಮಹಡಿಗೆ ಸಾಗಿಸಿದೆ. ಗೂಡುಗಳಿಂದ ಮಾತ್ರೆ ಡಬ್ಬಿಗಳನ್ನೆಲ್ಲ ನಾನೇ ತೆಗೆದೆ. ‘ಳ’ ಗೂಡಿನ ತಳದಲ್ಲಿ ಒಂದು ಗುಂಡಿ ಸಿಕ್ಕಿತು, ನಮ್ಮದೇ ಇರಬೇಕು. ಗೋಡೆ ಬೀಳುವಾಗ ದೊಡ್ಡಪ್ಪ ನೋಡಲಿಲ್ಲ, ಒಳಗೆ ದೊಡ್ಡಮ್ಮನ ಹತ್ತಿರ ಕೂತಿದ್ದರು. ನಾನು ನೋಡಿದೆ. ಯಂತ್ರದವನಿಗೆ ಅರ್ಧ ಗಂಟೆಯ ಕೆಲಸವೂ ಆಗಲಿಲ್ಲ.

ನಿನ್ನ ಆದೇಶದ ಪ್ರಕಾರ ಫಲಕ ಬದಲಿಸಲು ಇಬ್ಬರು ಬಂದರು. ಎದುರಿಗೆ ನೋಡಿದರು, ಕಾಗದ ನೋಡಿದರು. ‘ಎಲ್ಲಿಗೆ ಹಾಕೋದಮ್ಮಾ?’ ಅಂದರು. ನಾನೇನು ಹೇಳಲಿ? ಮೇಲಿನವರನ್ನು ಕೇಳಿ ಬರುತ್ತೇವೆ ಅಂತ ಹೋದವರು ಇವತ್ತಿಗೂ ಬಂದಿಲ್ಲ. ಅದು ಇನ್ನೂ ನಮ್ಮ ಗೋಡೆಯ ಮೇಲೇ ಇದೆ. ನೀನು ಅವರಿಗೆ ಬರೆದ ಪತ್ರವೂ ಬಂತು. ದೊಡ್ಡಪ್ಪ ಓದಿದರು, ಮಡಚಿ ಜೇಬಿನಲ್ಲಿಟ್ಟುಕೊಂಡರು. ಎಂದಿನ ಹಾಗೇ ನನಗೆ ಸೂಜಿಗೆ ನೂಲು ಪೋಣಿಸಿಕೊಡುತ್ತಾರೆ, ಬಾಗಿಲಿಗೆ ಎಣ್ಣೆ ಹಾಕುತ್ತಾರೆ. ಒಂದು ಸಲ ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ನಿನ್ನೆ ಒಬ್ಬ ಟೀಚರು ಹತ್ತಿಪ್ಪತ್ತು ಹುಡುಗಿಯರನ್ನು ಕರೆದುಕೊಂಡು ಬಂದಳು. ದೊಡ್ಡಪ್ಪ ಮೆಟ್ಟಿಲ ಮೇಲೆ ಕೂತಿದ್ದರು, ನಾನು ಬಾಗಿಲಲ್ಲಿದ್ದೆ. ‘ಮೇಷ್ಟ್ರು ಇದ್ದದ್ದು ಇದೇ ಮನೇನಾ?’ ಅಂತ ಕೇಳಿದಳು. ನಾನು ಸೆರಗಿಗೆ ಅಂಟಿದ ನೂಲು ಕೀಳುತ್ತ ನಿಂತೆ. ದೊಡ್ಡಪ್ಪ ತಿರುಗಿ ನನ್ನ ಮುಖ ನೋಡಿದರು. ಆಮೇಲೆ ಅವಳಿಗೆ ಹೇಳಿದರು, ‘ಹೂಂ, ಇದೇ ಮನೆ. ನಾನು ಹುಟ್ಟಿದಾಗಿಂದ ಈ ಬೀದೀಲೇ ಇದ್ದೀನಿ. ಬೇಕಾದ್ರೆ ನನ್ನನ್ನೇ ಸಾಕ್ಷಿ ಅಂತ ಬರ್ಕೊಳ್ಳಿ.’ ಹುಡುಗಿಯರು ಬರೆದುಕೊಳ್ಳತೊಡಗಿದರು.

ನನ್ನ ಮಾನ ಉಳಿಸಲು ಆ ಮನುಷ್ಯ ಸುಳ್ಳು ಹೇಳಿದರು ಪುಟ್ಟೀ. ಕೋಣೆ ಕಳೆದುಕೊಂಡದ್ದೂ ಅವರೇ, ಸುಳ್ಳು ಹೇಳಿದ್ದೂ ಅವರೇ. ನನಗೆ ತಡೆಯಲಾಗಲಿಲ್ಲ.

‘ಇಲ್ಲ, ಬರ್ಕೋಬೇಡಿ. ಇದಲ್ಲ,’ ಅಂದೆ. ‘ಅಲ್ಲಿ’ ಅಂತ ಕೈ ತೋರಿಸಿದೆ. ಎಲ್ಲರೂ ತಿರುಗಿ ನೋಡಿದರು. ಅಲ್ಲಿ ಹೊಸ ಜಲ್ಲಿ ಹಾಸಿದ ರಸ್ತೆ, ಅದರ ಮೇಲೊಂದು ಲಾರಿ ನಿಂತಿತ್ತು. ಟೀಚರು, ‘ಮತ್ತೆ ಫಲಕ ಇಲ್ಲಿದೆಯಲ್ಲ?’ ಅಂದಳು. ‘ನನ್ನ ತಂಗಿ ಗೊತ್ತಿದ್ದೂ ಹಾಕಿಸಿದ್ದು. ನಾನು ಗೊತ್ತಾದ ಮೇಲೂ ಸುಮ್ನಿದ್ದೆ. ಮನೆ ಇವರದು’ ಅಂದೆ. ಬೀದಿಗೆಲ್ಲ ಕೇಳುವಷ್ಟು ಜೋರಾಗಿಯೇ ಹೇಳಿದೆ. ಪಕ್ಕದ ಮನೆಯ ಕಿಟಕಿ ತೆರೆದದ್ದೂ ಗೊತ್ತಾಯಿತು. ಟೀಚರು ಹುಡುಗಿಯರನ್ನು ಕರೆದುಕೊಂಡು ಬೇಗ ಬೇಗ ಹೊರಟುಹೋದಳು.

ಹೇಳಿದ ಮೇಲೆ ಎದೆಯ ಭಾರ ಇಳಿದಂತಾಯಿತು. ಈಗಲಾದರೂ ದೊಡ್ಡಪ್ಪ ಒಂದು ಒಳ್ಳೆಯ ಮಾತು ಹೇಳುತ್ತಾರೆ ಅಂತ ಕಾದೆ, ನನ್ನ ದುರಾಸೆ ನೋಡು. ಅವರು ಮೆಟ್ಟಿಲು ಹಿಡಿದುಕೊಂಡು ಮೆಲ್ಲಗೆ ಎದ್ದರು. ದನಿ ಏರಿಸಲಿಲ್ಲ.

‘ಇದನ್ನ ಒಂದು ತಿಂಗಳು ಮೊದ್ಲು ಹೇಳಬಾರ್ದಿತ್ತೇನಮ್ಮಾ?’ ಅಂದರು.

ಅಷ್ಟೇ. ದೊಡ್ಡಮ್ಮನಿಗೆ ಮಾತ್ರೆ ಕೊಡುವ ಹೊತ್ತಾಯಿತು ಅಂತ ಒಳಗೆ ಹೋದರು. ನಿನ್ನ ಹತ್ತಿರ ಉತ್ತರವಿದ್ದರೆ ನನಗೆ ಬರೆಯಬೇಡ. ಬಂದು ಅವರಿಗೇ ಹೇಳು.

ಅಕ್ಕ